ಡಬ್ಬಿ ಮುಚ್ಚಳದ ಡೈ ಕೂರಿಸಿದ್ದು

ಪ್ಲಾಸ್ಟಿಕ್ ಮಗ್ಗೋ ಬಕೆಟ್ಟೋ ಕೊಂಡು ತಂದಾಗ ಅಂಚಿನಲ್ಲಿ ಕೈಗೆ ತರಚುವ ತೆಳ್ಳನೆಯ ರೆಕ್ಕೆಯೊಂದು ಇರುತ್ತದಲ್ಲ, ಅದಕ್ಕೆ ನಮ್ಮ ಕಸುಬಿನಲ್ಲಿ ಫ್ಲ್ಯಾಶ್ ಅನ್ನುತ್ತಾರೆ. ಅದನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮದುವೆ ಮನೆಗೆ ಹೋದರೂ ನೀರಿನ ಲೋಟ ಎತ್ತಿಕೊಂಡು ಮೊದಲು ಅದರ ಅಂಚು ಸವರಿ ನೋಡುತ್ತೇನೆ. ಪಕ್ಕದಲ್ಲಿ ನಮ್ಮತ್ತೆ ಕೂತಿದ್ದರೆ ತೊಡೆ ಚಿವುಟುತ್ತಾರೆ. "ಸುಮ್ನೆ ಕುಡಿಯೇ, ಮಾನ ಕಳೀಬೇಡ" ಅನ್ನುತ್ತಾರೆ.

ಈ ಚಟ ಸುಮ್ಮನೆ ಅಂಟಿದ್ದಲ್ಲ. ಚಿಕ್ಕಲಸಂದ್ರದ ಒಂದು ಶೆಡ್ಡಿನಲ್ಲಿ ಆರು ವರ್ಷ, ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ, ಬ್ಲೇಡು ಹಿಡಿದು ಫ್ಲ್ಯಾಶ್ ಹೆರೆಯುವುದೇ ನನ್ನ ಕೆಲಸವಾಗಿತ್ತು. ನಮ್ಮ ಓನರ್ ಆ ಊರಿನವರೇ. ಅವರ ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಕೆಳಗೆ ಶೆಡ್ಡು, ಮೇಲೆ ಎರಡು ಬಾಡಿಗೆ ಮನೆ. ಶೆಡ್ಡಿನ ಮುಂಭಾಗದಲ್ಲಿ ಡೈ ತಯಾರಾಗುತ್ತಿತ್ತು. ಹಿಂಭಾಗದಲ್ಲಿ ಒಂದು ಮೋಲ್ಡಿಂಗ್ ಮಷೀನು, ಅದರ ಪಕ್ಕ ನಾವು ಮೂವರು ಹೆಂಗಸರು ಕೂರುತ್ತಿದ್ದ ಮೇಜು. ಮಷೀನು ಉಗುಳಿದ ಪ್ರತಿಯೊಂದು ಪೀಸನ್ನೂ ತಿರುಗಿಸಿ ತಿರುಗಿಸಿ ಹೆರೆದು ಡಬ್ಬಕ್ಕೆ ಹಾಕುತ್ತಿದ್ದೆವು. ನನ್ನ ಎಡಗೈ ಹೆಬ್ಬೆರಳು ನೋಡಿದರೆ ಯಾವ ವರ್ಷ ಯಾವ ಪೀಸು ಓಡಿತು ಅಂತ ಹೇಳಬಹುದು, ಅಷ್ಟು ಗಾಯದ ಗುರುತು.

ಡೈ ಅಂದರೆ ಅಚ್ಚು. ಎರಡು ಉಕ್ಕಿನ ದಿಮ್ಮಿಗಳು. ಒಂದರಲ್ಲಿ ಗುಂಡಿ, ಇನ್ನೊಂದರಲ್ಲಿ ಆ ಗುಂಡಿಯೊಳಗೆ ಇಳಿಯುವ ಉಬ್ಬು. ಎರಡೂ ಮುಚ್ಚಿಕೊಂಡಾಗ ನಡುವೆ ಉಳಿಯುವ ಖಾಲಿ ಜಾಗ ಯಾವ ಆಕಾರದ್ದೋ, ನಿಮ್ಮ ಮಗ್ಗು ಆ ಆಕಾರದ್ದು. ಕರಗಿದ ಪ್ಲಾಸ್ಟಿಕ್ ಅಲ್ಲಿಗೆ ನುಗ್ಗಿ, ತಣ್ಣಗಾಗಿ, ಪೀಸಾಗಿ ಹೊರಗೆ ಬೀಳುತ್ತದೆ. ದಿಮ್ಮಿಗಳು ಒಂದರ ಮೇಲೊಂದು ಸರಿಯಾಗಿ ಕೂರದೆ ಸಂದು ಬಿಟ್ಟರೆ ಪ್ಲಾಸ್ಟಿಕ್ ಆ ಸಂದಿನಿಂದ ಹೊರಗೆ ಇಣುಕುತ್ತದೆ. ಅದೇ ಫ್ಲ್ಯಾಶ್. ಹಾಗಾಗಿ ನಮ್ಮ ಮೇಜಿನ ಮೂವರ ಬಾಯಲ್ಲೂ ದಿನಕ್ಕೆ ಹತ್ತು ಸಲ ಡೈ ಕೂರಿಸಿದವನ ಹೆಸರಿಗೆ ಮಂಗಳಾರತಿ ಆಗುತ್ತಿತ್ತು.

ಒಂದು ದಿನ ಸೋಪಿನ ಡಬ್ಬಿ ಓಡುತ್ತಿತ್ತು. ಫ್ಲ್ಯಾಶ್ ಅಂದರೆ ಫ್ಲ್ಯಾಶ್, ಹಪ್ಪಳದ ಥರ. ಬ್ಲೇಡು ಜಾರಿ ಬೆರಳು ಕೊಯ್ಯಿತು. ನನಗೆ ಮೂಗಿನ ತುದಿಯಲ್ಲೇ ಕೋಪ, ಎಲ್ಲರಿಗೂ ಗೊತ್ತು. "ಇದನ್ನ ಕೂರ್ಸಿದೋನ ಕೈ ಸೇದೋಗ!" ಅಂತ ಕಿರುಚಿದೆ. ಉಳಿದ ಇಬ್ಬರೂ ನಗಲಿಲ್ಲ. ತಿರುಗಿ ನೋಡಿದರೆ ಹಿಂದೆ ಮೇಸ್ತ್ರಿ ನಿಂತಿದ್ದಾರೆ. ಶೆಡ್ಡಿನ ಡೈಗಳನ್ನೆಲ್ಲ ಕೂರಿಸುತ್ತಿದ್ದವರು ಅವರೊಬ್ಬರೇ. ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ.

"ಕೂರ್ಸಿದೋನು ನಾನೇ ಕಣಮ್ಮ" ಅಂದರು. "ಹತ್ತು ವರ್ಷ ಓಡಿ ಸವೆದಿರೋ ಡೈ ಅದು. ಅಷ್ಟು ಗೊತ್ತಿರೋಳು ಬಾ, ನೀನೇ ಕೂರ್ಸು."

ತಮಾಷೆಗೆ ಅಂದರೋ, ಸಿಟ್ಟಿಗೆ ಅಂದರೋ. ನಾನಂತೂ ಬೆರಳಿಗೆ ಬಟ್ಟೆ ಸುತ್ತಿಕೊಂಡು ಅವರ ಹಿಂದೆಯೇ ನಡೆದು, ಅವರು ಡೈ ಕೂರಿಸುವ ಬೆಂಚಿನ ಮುಂದೆ ನಿಂತೆ. ಅವತ್ತು ನಿಂತವಳು ಎರಡು ವರ್ಷ ನಿಂತೇ ಇದ್ದೆ.

ಆ ಎರಡು ವರ್ಷದ ಖುಷಿಯನ್ನು ಹೇಗೆ ಹೇಳಲಿ! ಈಗ ಉಕ್ಕು ಕೊರೆಯುವುದೆಲ್ಲ ಕಂಪ್ಯೂಟರ್ ಮಷೀನು. ಆದರೂ ಕೊನೆಯ ಕೂದಲೆಳೆಯಷ್ಟು ಕೆಲಸಕ್ಕೆ ಕೈಯೇ ಬೇಕು. ಒಂದು ದಿಮ್ಮಿಯ ಮುಖಕ್ಕೆ ನೀಲಿ ಬಣ್ಣದ ಪೇಸ್ಟನ್ನು ಬೆರಳಲ್ಲಿ ತೆಳ್ಳಗೆ ಸವರುತ್ತೇವೆ. ಭಾರ ಎತ್ತುವ ಚೈನ್ ಬ್ಲಾಕಿನಲ್ಲಿ ಇನ್ನೊಂದು ದಿಮ್ಮಿಯನ್ನು ಇಳಿಸಿ, ಮುಚ್ಚಿ, ತಾಮ್ರದ ಸುತ್ತಿಗೆಯಲ್ಲಿ ನಾಲ್ಕೇಟು ಹಾಕಿ, ಮತ್ತೆ ಎತ್ತುತ್ತೇವೆ. ಎಲ್ಲಿ ತಾಗಿದೆಯೋ ಅಲ್ಲಿ ನೀಲಿ ಅಂಟಿರುತ್ತದೆ. ಅಂಟಿದ ಕಡೆ ಉಕ್ಕು ಉಬ್ಬಿದೆ ಎಂದರ್ಥ, ಅಲ್ಲಿ ಎಣ್ಣೆ ಸವರಿದ ಸಾಣೆಕಲ್ಲಿನಲ್ಲಿ ಉಜ್ಜಬೇಕು. ಮತ್ತೆ ನೀಲಿ, ಮತ್ತೆ ಮುಚ್ಚು, ಮತ್ತೆ ಎತ್ತು, ಮತ್ತೆ ಉಜ್ಜು. ಹೀಗೆ ಐವತ್ತು ಸಲವೋ ಅರವತ್ತು ಸಲವೋ ಆದಮೇಲೆ ಒಂದು ಸಲ ಎತ್ತಿದಾಗ ಮುಖದ ತುಂಬ ನೀಲಿ ಒಂದೇ ಸಮ ಹರಡಿರುತ್ತದೆ. ಆಹಾ! ಆ ಹೊತ್ತಿಗೆ ನನಗೆ ಹಸಿವಿಲ್ಲ, ಸೊಂಟ ನೋವಿಲ್ಲ.

ನೀಲಿ ಬಿಡುವ ಬಣ್ಣವಲ್ಲ. ಉಗುರು, ಮೊಣಕೈ, ಕಿವಿ, ಸೀರೆಯ ನೆರಿಗೆ, ಎಲ್ಲೆಂದರಲ್ಲಿ ನೀಲಿ. ಹೊಸಕೆರೆಹಳ್ಳಿಯ ನಮ್ಮ ಮನೆಯ ಬಚ್ಚಲಲ್ಲಿ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಒಂದು ಸಲ ಬಸ್ಸಿನಲ್ಲಿ ಪಕ್ಕದ ಆಂಟಿ ನನ್ನ ಕೈ ನೋಡಿ, "ಯಾವ್ ಎಲೆಕ್ಷನ್‌ಮ್ಮ, ಹತ್ತೂ ಬೆರಳಿಗೆ ಇಂಕ್ ಹಾಕವ್ರೆ?" ಅಂತ ಕೇಳಿದರು. ನಕ್ಕು ನಕ್ಕು ನನ್ನ ಸ್ಟಾಪೇ ದಾಟಿಹೋಯಿತು.

ಎರಡನೆಯ ವರ್ಷದ ಕೊನೆಗೆ ಅಣ್ಣನ ಮಂಡಿ ಕೈಕೊಟ್ಟಿತು. ದಿನವಿಡೀ ನಿಲ್ಲಲು ಆಗುವುದಿಲ್ಲ, ತಿಂಗಳಾಂತ್ಯಕ್ಕೆ ಕೆಲಸ ಬಿಡುತ್ತೇನೆ ಎಂದುಬಿಟ್ಟರು. ಓನರ್ ಪೀಣ್ಯದಲ್ಲಿ ಡೈ ಕೂರಿಸುವ ಒಬ್ಬ ಫಿಟ್ಟರನ್ನು ಮಾತಾಡಿಸಿ ಬಂದರು. ಈ ಸುದ್ದಿ ಕಿವಿಗೆ ಬಿದ್ದದ್ದೇ ತಡ, ನೇರ ಅವರ ಮುಂದೆ ಹೋಗಿ ನಿಂತೆ.

"ಸಾರ್, ನಾನಿಲ್ವಾ?"

"ನೀವು ಚೆನ್ನಾಗಿ ಉಜ್ತೀರಮ್ಮ, ಇಲ್ಲ ಅನ್ನಲ್ಲ. ಆದ್ರೆ ಒಂದು ಡೈ ಪೂರ್ತಿ ಒಬ್ರೇ ಯಾವತ್ತಾದ್ರೂ ಕೂರ್ಸಿದೀರಾ?"

ಕೂರಿಸಿರಲಿಲ್ಲ. ನೀಲಿ ಹರಡಿದ ಮೇಲೆ ಕೊನೆಯ ಕೈ ಯಾವಾಗಲೂ ಅಣ್ಣನದೇ, ಅದೂ ನಾನು ಮನೆಗೆ ಹೋದಮೇಲೆ. ಅಣ್ಣ ಸ್ಟೂಲಿನಿಂದಲೇ ಕೂಗಿದರು: "ಟಿಫನ್ ಡಬ್ಬಿ ಮುಚ್ಚಳದ್ದು ಬಂದಿದ್ಯಲ್ಲ, ಅದನ್ನ ಕೊಡಿ ಇವಳಿಗೆ. ನಾನು ಕೈ ಹಾಕಲ್ಲ."

ಓನರ್ ಒಪ್ಪಿದರು, ಆದರೆ ಷರತ್ತು ಹಾಕಿದರು. ಆ ತಿಂಗಳ ಕೊನೆಯ ಶನಿವಾರದೊಳಗೆ ಮುಚ್ಚಳ ಪಾಸಾದರೆ ಬೆಂಚು ನನ್ನದು. ಆಗದಿದ್ದರೆ ಸೋಮವಾರ ಪೀಣ್ಯದವರು ಬರುತ್ತಾರೆ, ನಾನು ಬ್ಲೇಡಿನ ಮೇಜಿಗೆ ವಾಪಸ್ಸು. ಅವರು ಇದನ್ನು ಕೆಟ್ಟದಾಗಿ ಏನೂ ಹೇಳಲಿಲ್ಲ. ಆದರೂ ಎರಡು ವರ್ಷ ನೀಲಿ ಮುಟ್ಟಿದ ಕೈ ಮತ್ತೆ ಬ್ಲೇಡು ಹಿಡಿಯುವುದೇ?

ಹಾಲು ಬಿಳುಪಿನ ಮುಚ್ಚಳ, ನಾಲ್ಕು ಮೂಲೆ. ನಾನು ಮನಸ್ಸಿನಲ್ಲಿ ಪಣ ತೊಟ್ಟೆ: ಈ ಡೈಯಿಂದ ಒಂದು ಎಳೆ ಫ್ಲ್ಯಾಶ್ ಬಂದರೂ ನನ್ನ ಹೆಸರು ಬೇರೆ ಇಡಲಿ. ಅದೇ ವಾರ ತಮ್ಮ ಕೊನೆಯ ಡೈಯನ್ನು ಅಣ್ಣ ಮುಗಿಸಿದ್ದರು. ಓನರ್ ಹೇಳಿದರೆಂದು ಅದನ್ನು ನೀಲಿ ಹಚ್ಚಿ ನಾನು ಪರೀಕ್ಷೆ ಮಾಡಿದೆ. ಮುಖದ ತುಂಬ ನೀಲಿ ಹಿಡಿದಿತ್ತು, ನಾಲ್ಕು ಮೂಲೆಯಲ್ಲಿ ಮಾತ್ರ ಬೆರಳಗಲ ಜಾಗ ಹಾಗೇ ಖಾಲಿ. ಅಯ್ಯೋ ಪಾಪ, ಕಣ್ಣು ಮಂಜಾಗಿದೆ, ಕೈ ನಿಲ್ಲುತ್ತಿಲ್ಲ ಅಂದುಕೊಂಡೆ. ಅಂದುಕೊಂಡು ಸುಮ್ಮನಿರಬಾರದಿತ್ತೇ? ಎಲ್ಲಿ, ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಅಣ್ಣಂಗೆ ವಯಸ್ಸಾಯ್ತು ಸಾರ್" ಅಂತ ಓನರ್‌ಗೆ ಹೇಳಿದೆ, ಅಣ್ಣನ ಎದುರಿಗೇ. "ಮೂಲೆಗಳು ನೋಡಿ, ಸಡಿಲ ಬಿಟ್ಟಿದಾರೆ. ಕೈ ಸಡಿಲ ಆಗಿದೆ."

ಓನರ್ ಅಣ್ಣನ ಕಡೆ ನೋಡಿದರು. ಅಣ್ಣ ಟೀ ಲೋಟ ಕೆಳಗಿಟ್ಟು, ಕನ್ನಡಕ ಒರೆಸಿಕೊಂಡು, ಎದ್ದು ಹೊರಗೆ ಹೋದರು. ಅವತ್ತಿನಿಂದ ನನ್ನ ಹತ್ತಿರ ಮಾತು ಬಂದ್. ನನ್ನ ಡೈ ಕಡೆ ತಲೆ ಎತ್ತಿಯೂ ನೋಡಲಿಲ್ಲ.

ನೋಡದಿದ್ದರೆ ಬೇಡ, ಹೋಗಲಿ ಅಂತ ನಾನೂ ಬಿಗಿದುಕೊಂಡೆ. ಹದಿನಾರು ದಿನ ಉಜ್ಜಿದೆ. ಮೂಲೆ ಮೂಲೆಗೂ ನೀಲಿ ಹಿಡಿಯುವವರೆಗೆ ಬಿಡಲಿಲ್ಲ. ಕೊನೆಗೆ ಎರಡು ದಿಮ್ಮಿ ಮುಚ್ಚಿ ನಡುವೆ ಟಾರ್ಚ್ ಬಿಟ್ಟರೆ ಆಚೆಗೆ ಒಂದು ಚೂರು ಬೆಳಕು ಬರಲಿಲ್ಲ. ಮಷೀನ್ ಓಡಿಸುವ ಆಪರೇಟರ್ ಒಬ್ಬ ಇದ್ದ, ನನಗಿಂತ ಹತ್ತು ವರ್ಷ ಚಿಕ್ಕವನು. ಅವನನ್ನು ಕರೆದು ತೋರಿಸಿದೆ. "ಅಕ್ಕ, ಸಖತ್! ಇರುವೆ ಉಸ್ರೂ ತೂರಲ್ಲ" ಅಂದ. ನಾನು ಆ ಮಾತನ್ನು ಮನೆಗೆ ಹೋಗಿ ಅತ್ತೆಗೂ ಗಂಡನಿಗೂ ಎರಡೆರಡು ಸಲ ಹೇಳಿದೆ.

ಗುರುವಾರ ಮೊದಲ ಟ್ರಯಲ್. ಡೈಯನ್ನು ಮಷೀನಿಗೆ ಏರಿಸಿ, ಅರಿಶಿನ ಕುಂಕುಮ ಇಟ್ಟು, ಊದುಬತ್ತಿ ಹಚ್ಚಿದೆವು. ನಮ್ಮ ಶೆಡ್ಡಿನಲ್ಲಿ ಹೊಸ ಡೈಯ ಮೊದಲ ಒಳ್ಳೆಯ ಪೀಸು ದೇವರ ಫೋಟೊ ಮುಂದೆ ಹೋಗಬೇಕು, ಅದು ಪದ್ಧತಿ. ಆಪರೇಟರ್ ಬಟನ್ ಒತ್ತಿದ. ಮಷೀನು ಗುರ್ ಅಂತು, ತೆರೆಯಿತು, ಮುಚ್ಚಳ ಬಿತ್ತು. ನಾನೇ ಓಡಿಹೋಗಿ ಎತ್ತಿಕೊಂಡು ಅಂಚು ಸವರಿದೆ. ಫ್ಲ್ಯಾಶ್ ಇಲ್ಲ! ಒಂದು ಎಳೆಯೂ ಇಲ್ಲ! "ನೋಡಿ ಸಾರ್, ನೋಡಿ!" ಅಂತ ಕುಣಿದೆ.

ಓನರ್ ಮುಚ್ಚಳ ತಿರುಗಿಸಿ ನೋಡಿ, "ಇದೇನಮ್ಮ ಇದು?" ಅಂದರು.

ಹಾಲು ಬಿಳುಪಿನ ಮುಚ್ಚಳದ ನಾಲ್ಕೂ ಮೂಲೆ ಸುಟ್ಟು ಕಪ್ಪಾಗಿತ್ತು, ತಳ ಹಿಡಿದ ಹಾಲಿನ ಪಾತ್ರೆ ಥರ.

ನನ್ನ ಮುಖ ಇಂಗು ತಿಂದ ಮಂಗನ ಮುಖವಾಯಿತು. ಆದರೂ ಜಂಬ ಇಳಿಯಬೇಕಲ್ಲ. ಆಪರೇಟರ್ ಮೇಲೆ ಹಾರಿದೆ: "ನಿನ್ನ ಮಷೀನು ಸುಡ್ತಾ ಇದೆ, ಹೀಟ್ ಕಮ್ಮಿ ಮಾಡೋ!" ಅವನು ಕಮ್ಮಿ ಮಾಡಿದ. ಮೂಲೆ ಕಪ್ಪೇ. ದಾನಾ ಸರಿಯಿಲ್ಲ ಅಂದೆ. ಕರಗಿಸುವ ಆ ಪ್ಲಾಸ್ಟಿಕ್ ಕಾಳಿನ ಹೊಸ ಮೂಟೆ ಬಿಚ್ಚಿದರು. ಕಪ್ಪೇ. ಪ್ಲಾಸ್ಟಿಕ್ ನಿಧಾನವಾಗಿ ನುಗ್ಗಿಸು ಅಂದೆ. ಆಗ ಕಪ್ಪೇನೋ ಹೋಯಿತು, ಆದರೆ ಮೂಲೆಯೇ ತುಂಬಲಿಲ್ಲ. ಇಲಿ ಕಡಿದ ಹಾಗೆ ಅರ್ಧಂಬರ್ಧ ಮುಚ್ಚಳ ಬಿತ್ತು. ಸಂಜೆವರೆಗೆ ಮೂರು ಡಬ್ಬ ಕೆಟ್ಟ ಮುಚ್ಚಳ ರಾಶಿ ಬಿದ್ದವು. ಓನರ್ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು, ತಿರುಗಿ ಜಗಳ ಆಡಬಹುದಿತ್ತು. "ನಾಡಿದ್ದು ಶನಿವಾರ, ಅಲ್ವಾ" ಅಂತ ಮಾತ್ರ ಅಂದರು.

ಅಣ್ಣ ಸ್ಟೂಲಿನ ಮೇಲೆ ಕೂತು ಎಲ್ಲ ನೋಡುತ್ತಿದ್ದರು. ಹೋಗಿ ಕೇಳಿದೆ, "ಏನಾಗಿದೆ ಅಣ್ಣ?"

"ಸಡಿಲ ಕೈಯೋನ ಮಾತು ಯಾಕಮ್ಮ ನಿಂಗೆ?" ಅಂದವರು ಎದ್ದು ಹೊರಟೇಹೋದರು.

ಶುಕ್ರವಾರ ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿ ಕೂತರು. ನಾನು ಬುತ್ತಿ ಮುಟ್ಟದೆ ಎದ್ದೆ. ಗೋಡೆಯ ಪಕ್ಕದ ರ‍್ಯಾಕಿನಲ್ಲಿ ಅಣ್ಣ ಕೂರಿಸಿದ ಹಳೆಯ ಡೈಗಳು ಸಾಲಾಗಿ ಇದ್ದವು. ಅವರ ಡೈ ಯಾವತ್ತೂ ಪೀಸು ಸುಟ್ಟದ್ದಿಲ್ಲ. ಸಡಿಲ ಕೈ ಇಟ್ಟುಕೊಂಡು ಅದು ಹೇಗೆ ಸಾಧ್ಯ? ಸಿಟ್ಟಿಗೇ ಒಂದು ಡೈ ತೆರೆದೆ. ಬಾಚಣಿಗೆಯದು. ಗ್ರೀಸು ಒರೆಸಿ ಮುಖ ನೋಡಿದರೆ, ತುದಿಗಳಲ್ಲಿ ಬೆರಳಗಲ ಜಾಗ ಉಳಿದ ಕಡೆಯಷ್ಟು ಹೊಳೆಯುತ್ತಿಲ್ಲ. ಮಂಕಾಗಿ ಒಂದು ಉಸಿರಿನಷ್ಟು ಕೆಳಗಿದೆ. ಇನ್ನೊಂದು ತೆರೆದೆ, ಸೋಪಿನ ಡಬ್ಬಿಯದು. ಅದರಲ್ಲೂ ಮೂಲೆಗಳಲ್ಲಿ ಅಷ್ಟೇ ಅಗಲ, ಅಷ್ಟೇ ಮಂಕು. ಮೂರನೆಯದು, ನಾಲ್ಕನೆಯದು, ಎಲ್ಲ ಹಾಗೆಯೇ. ಒಂದು ಡೈಯಂತೂ ಅವರಿಗೆ ತಲೆಗೂದಲೆಲ್ಲ ಕಪ್ಪಗಿದ್ದ ಕಾಲದ್ದು. ಕೈ ಸಡಿಲವಾದವನು ಒಂದೊಂದು ಸಲ ಒಂದೊಂದು ಕಡೆ ತಪ್ಪುತ್ತಾನೆ. ಇಪ್ಪತ್ತು ವರ್ಷ ಎಲ್ಲ ಡೈಯಲ್ಲೂ ಮೂಲೆಯಲ್ಲೇ ಅಳತೆ ಹಿಡಿದ ಹಾಗೆ ತಪ್ಪುವುದಿಲ್ಲ. ಬೇಕೆಂದೇ ಬಿಟ್ಟಿದ್ದಾರೆ. ಯಾತಕ್ಕೆ?

ನೆಲದ ಮೇಲೆ ಕೂತುಬಿಟ್ಟೆ. ಮುಚ್ಚಿದ ಡೈಯೊಳಗೆ ಪ್ಲಾಸ್ಟಿಕ್ ನುಗ್ಗುತ್ತದೆ. ಅದಕ್ಕೂ ಮೊದಲು ಅಲ್ಲಿ ಏನಿತ್ತು? ಗಾಳಿ ಇತ್ತು. ಅದು ಎಲ್ಲಿಗೆ ಹೋಗಬೇಕು? ಪ್ಲಾಸ್ಟಿಕ್ಕಿನ ಮುಂದೆ ಗಾಳಿ ಓಡಿ ಓಡಿ ಮೂಲೆ ಸೇರುತ್ತದೆ. ನಾನು ಇರುವೆ ಉಸಿರಿಗೂ ದಾರಿ ಬಿಡದ ಹಾಗೆ ಹದಿನಾರು ದಿನ ಉಜ್ಜಿ ಮುಚ್ಚಿದ್ದೇನೆ. ಸಿಕ್ಕಿಬಿದ್ದ ಗಾಳಿ ಒತ್ತಿಸಿಕೊಂಡು, ಕಾದು, ಪ್ಲಾಸ್ಟಿಕ್ಕನ್ನೇ ಸುಡುತ್ತಿದೆ. ನಿಧಾನವಾಗಿ ನುಗ್ಗಿಸಿದರೆ ಗಾಳಿಯೇ ಅಡ್ಡ ನಿಂತು ಮೂಲೆ ತುಂಬಲು ಬಿಡುತ್ತಿಲ್ಲ. ಆರು ವರ್ಷ ಫ್ಲ್ಯಾಶ್ ಹೆರೆದ ಸಿಟ್ಟಿಗೆ ನಾನು ಸಂದೆಲ್ಲ ಮುಚ್ಚಿಬಿಟ್ಟಿದ್ದೆ. ಗಾಳಿಗೆ ದಾರಿ ಬಿಡಬೇಕು ಎಂದು ನಮ್ಮ ಶೆಡ್ಡಿನ ಯಾವ ಡ್ರಾಯಿಂಗಿನಲ್ಲೂ ಬರೆದಿರಲಿಲ್ಲ. ಅಣ್ಣ ಇದ್ದಾರಲ್ಲ, ಬರೆಯುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

ಅಣ್ಣ ಬೆಂಚಿನ ಆಚೆ ಮೊಸರನ್ನ ತಿನ್ನುತ್ತಿದ್ದರು. ಮುಂದೆ ಹೋಗಿ ನಿಂತೆ.

"ಅಣ್ಣ, ತಪ್ಪಾಯ್ತು."

"ಯಾವುದು?"

"ನಿಮ್ಮ ಕೈ ಸಡಿಲ ಅಂದಿದ್ದು."

"ಅವತ್ತು ಓನರ್ ಮುಂದೆ ಹೇಳ್ದೆ. ಈಗ ಇಷ್ಟು ಮೆತ್ತಗೆ ಹೇಳಿದ್ರೆ ಹೆಂಗೆ?"

ನನಗೆ ರೋಷ ಬಂತು. ಎರಡೂ ಕೈ ಸೊಂಟಕ್ಕಿಟ್ಟು ಶೆಡ್ಡಿನ ತಗಡು ಅದುರುವ ಹಾಗೆ ಕೂಗಿದೆ: "ಅಣ್ಣನ ಕೈ ಸಡಿಲ ಅಲ್ಲ! ಬುದ್ಧಿ ಇಲ್ದೋಳು ನಾನು! ತಪ್ಪಾಯ್ತು!" ಓನರ್ ತಮ್ಮ ರೂಮಿನಿಂದ ಎದ್ದು ಬಂದರು. ಮೇಲಿನ ಬಾಡಿಗೆ ಮನೆಯ ಕಿಟಕಿ ತೆರೆದುಕೊಂಡಿತು. "ಏನ್ರೀ ಆಯ್ತು ಅಲ್ಲಿ?" ಅಂತ ಒಂದು ಹೆಣ್ಣು ದನಿ ಕೇಳಿತು. ಅಣ್ಣನಿಗೆ ನಗು ತಡೆಯಲಾಗದೆ ಮೊಸರನ್ನ ನೆತ್ತಿಗೇರಿತು. ನಾನೇ ಬೆನ್ನು ತಟ್ಟಿ ನೀರು ಕೊಟ್ಟೆ. ಅಷ್ಟು ದಿನದ ಮುನಿಸು ಆ ಕೆಮ್ಮಿನಲ್ಲಿ ಹೋಯಿತು.

"ಎಷ್ಟು ಇಳಿಸ್ಬೇಕು ಅಣ್ಣ?"

"ಮಿಲಿಮೀಟರ್‌ನ ನೂರು ಭಾಗ ಮಾಡು. ಅದ್ರಲ್ಲಿ ಎರಡು ಭಾಗ. ಗಾಳಿ ತೆಳ್ಳಗಿರ್ತದೆ, ಹೋಗ್ತದೆ. ಪ್ಲಾಸ್ಟಿಕ್ ದಪ್ಪ, ಅಲ್ಲೇ ನಿಲ್ತದೆ. ಮೂರು ನಾಲ್ಕು ಭಾಗ ಇಳಿಸ್ದೆ ಅಂದ್ರೆ ಪ್ಲಾಸ್ಟಿಕ್ಕೂ ಹಿಂದೇನೇ ಬರ್ತದೆ."

ಅಂದರೆ ಫ್ಲ್ಯಾಶ್. ಇಳಿಸಿದ ಉಕ್ಕನ್ನು ಮತ್ತೆ ಏರಿಸಲು ಆಗುವುದಿಲ್ಲ. ಕೈ ಒಂದು ಎಳೆ ಜಾಸ್ತಿ ಹೋದರೆ ಹದಿನಾರು ದಿನದ ಕೆಲಸವೂ ಬೆಂಚೂ ಎರಡೂ ಹೋದವು. ಕಲ್ಲನ್ನು ಅವರ ಕಡೆಗೆ ಚಾಚಿದೆ. "ನೀವೇ ಮಾಡ್ಕೊಟ್ಬಿಡಿ ಅಣ್ಣ" ಅಂದೆ. ಅಂಗಲಾಚಿದೆ ಅಂದರೂ ಸರಿಯೇ.

"ನಾನು ಮಾಡಿದ್ರೆ ಅದು ನನ್ನ ಡೈ ಆಗ್ತದೆ. ಸೋಮವಾರ ನಾನಿರಲ್ಲ ಕಣಮ್ಮ. ಆಮೇಲೆ ಯಾರನ್ನ ಕರೀತೀಯಾ?"

ಕರೆಯಲು ಯಾರೂ ಇರಲಿಲ್ಲ. ಕಲ್ಲಿಗೆ ಎಣ್ಣೆ ಸವರಿದೆ. ನೀಲಿ ತುಂಬಿ ಚೆಂದಾಗಿ ಕೂತಿದ್ದ ಆ ಮುಖದ ಮೇಲೆ, ನಾನೇ ಮುದ್ದು ಮಾಡಿ ಬೆಳೆಸಿದ ಆ ಮೂಲೆಯ ಮೇಲೆ, ಕಲ್ಲು ಇಟ್ಟೆ. ನಾಲ್ಕು ಸಲ ಉಜ್ಜುವುದು, ಅಳೆಯುವುದು. ಮತ್ತೆ ನಾಲ್ಕು ಸಲ, ಮತ್ತೆ ಅಳತೆ. ಆಳ ಅಳೆಯುವ ಡಯಲ್ ಗೇಜಿನ ಮುಳ್ಳು ಒಂದು ಗೆರೆ, ಅಂದರೆ ನೂರರಲ್ಲಿ ಒಂದು ಭಾಗ, ಇಳಿಯಿತು. ಉಸಿರು ಬಿಟ್ಟೆ. ಎರಡನೆಯ ಗೆರೆ ತಲುಪಲು ಒಂದು ಗಂಟೆ. ಹೀಗೆ ನಾಲ್ಕು ಮೂಲೆ. ಅಣ್ಣ ಪಕ್ಕದಲ್ಲೇ ಕೂತು ತಮ್ಮ ಮಂಡಿ ತಿಕ್ಕಿಕೊಳ್ಳುತ್ತಾ ಯಡಿಯೂರಿನ ಯಾವುದೋ ಹೋಟೆಲ್ಲಿನ ದೋಸೆಯ ವಿಷಯ ಮಾತಾಡುತ್ತಿದ್ದರು. ಡೈ ಬಗ್ಗೆ ಒಂದು ಮಾತೂ ಆಡಲಿಲ್ಲ. ನನ್ನ ಹೆದರಿಕೆ ಮರೆಸಲೆಂದೇ ಹಾಗೆ ಹರಟುತ್ತಿದ್ದರು ಎಂದು ಆಮೇಲೆ ಹೊಳೆಯಿತು.

ಶನಿವಾರ ಹನ್ನೊಂದು ಗಂಟೆಗೆ ಡೈ ಮತ್ತೆ ಮಷೀನು ಏರಿತು. ಈ ಸಲ ನಾನು ಮುಂದೆ ಹೋಗಲಿಲ್ಲ. ಕಂಬ ಹಿಡಿದುಕೊಂಡು ನಿಂತೆ. ಮಷೀನು ಗುರ್ ಅಂತು, ತೆರೆಯಿತು. ಆಪರೇಟರ್ ಮುಚ್ಚಳ ಎತ್ತಿಕೊಂಡ, ತಿರುಗಿಸಿದ, ಬೆಳಕಿಗೆ ಹಿಡಿದ. ಮತ್ತೆ ತಿರುಗಿಸಿದ.

"ಹೇಳೋ ಮಾರಾಯ, ಏನಾಗಿದೆ?"

"ಅಕ್ಕ" ಅಂದ, "ಹಾಲು ಅಂದ್ರೆ ಹಾಲು."

ಕಸಿದುಕೊಂಡು ನೋಡಿದೆ. ನಾಲ್ಕೂ ಮೂಲೆ ತುಂಬಿಕೊಂಡು ಬೆಳ್ಳಗಿದ್ದವು. ಅಂಚು ಸವರಿದೆ. ನುಣ್ಣಗಿತ್ತು. ಓನರ್ ಡಬ್ಬಿ ತಂದು ಅದರ ಮೇಲೆ ಮುಚ್ಚಳ ಇಟ್ಟು ಒತ್ತಿದರು. ಟಕ್ ಅಂತು. ತೆಗೆದರು, ಮತ್ತೆ ಒತ್ತಿದರು. ಟಕ್. ನನ್ನ ಕೈಗೂ ಕೊಟ್ಟರು. ನಾನು ಹತ್ತು ಸಲವಾದರೂ ಟಕ್ ಟಕ್ ಅನ್ನಿಸಿರಬೇಕು. ಅಣ್ಣ ಕೊನೆಗೆ ಕೈ ಚಾಚಿ, "ಮುರಿದುಹಾಕ್ಬೇಡ, ಕೊಡಿಲ್ಲಿ" ಅಂತ ಇಸಿದುಕೊಂಡು, ಕನ್ನಡಕ ಮೇಲೇರಿಸಿ, ಉಗುರಿನಲ್ಲಿ ಸುತ್ತಲೂ ಗೀರಿ ನೋಡಿದರು. ಯಾವ ಕುಂದೂ ಸಿಗಲಿಲ್ಲವೆಂದು ಅವರಿಗೆ ಸ್ವಲ್ಪ ಬೇಜಾರೇ ಆಯಿತು. ಕುಂಟುತ್ತಾ ಹೋಗಿ ಮುಚ್ಚಳವನ್ನು ದೇವರ ಮುಂದೆ ಇಟ್ಟು ಬಂದರು.

ಮಷೀನು ಒಂದಾದ ಮೇಲೊಂದು ಮುಚ್ಚಳ ಹಾಕುತ್ತಲೇ ಇತ್ತು. ಎಲ್ಲವೂ ಬಿಳುಪು. ಓನರ್ ಜೇಬಿನಿಂದ ಫೋನ್ ತೆಗೆದು ಮಷೀನಿನ ಸದ್ದಿಗೆ ಒಂದು ಕಿವಿ ಮುಚ್ಚಿಕೊಂಡು ಜೋರಾಗಿ ಮಾತಾಡಿದರು.

"ಹಲೋ, ಹ್ಞಾಂ, ನಾನೇ. ಸೋಮವಾರ ಬರೋದು ಬೇಡ ಗುರು... ಇಲ್ಲ ಇಲ್ಲ, ನಿಮ್ದೇನೂ ತಪ್ಪಿಲ್ಲ. ನಮ್ಮಲ್ಲಿ ಫಿಟ್ಟರ್ ಇದಾರೆ."

ಯಾರಪ್ಪ ಅದು, ನನಗೆ ಗೊತ್ತಿಲ್ಲದ ಹಾಗೆ ಯಾರನ್ನು ತಂದರು ಅಂತ ಬಾಗಿಲ ಕಡೆ ತಿರುಗಿ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ.

"ಆ ಕಡೆ ಏನ್ ನೋಡ್ತೀಯಾ?" ಅಂದರು ಅಣ್ಣ. "ನಿನ್ನೇ ಕಣಮ್ಮ ಅವ್ರು ಹೇಳ್ತಿರೋದು."